ಆಕ್ಸಿಡೆಂಟ್ ಆದಮೇಲೆ ಪರಿಹಾರದ ಕೇಸು: ನಮ್ಮ ಕಡೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳದಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತ. ಎಂವಿಸಿ, ಅಂದರೆ ಆಕ್ಸಿಡೆಂಟ್ ಪರಿಹಾರದ ಕೇಸುಗಳ ಫೈಲು ಕಟ್ಟುವುದೇ ದಿನದ ಕೆಲಸ. ಮದುವೆ ಊಟಕ್ಕೆ ಕೂತರೂ, ಗಂಗಾವತಿ ಬಸ್ಸಿನಲ್ಲಿ ನಿಂತರೂ ಯಾರಾದರೊಬ್ಬರು ಪಕ್ಕಕ್ಕೆ ಕರೆದು, "ನಮ್ಮ ಅಳಿಯಂದು ಆಕ್ಸಿಡೆಂಟ್ ಆಗ್ಯದ, ಏನು ಮಾಡಬೇಕ್ರಿ" ಎನ್ನುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಬಿಟ್ಟಿದ್ದೇನೆ.

## ಮೊದಲ ದಿನಗಳು

ಆಕ್ಸಿಡೆಂಟ್ ಆದ ಕೂಡಲೆ ಮೊದಲು ಪೊಲೀಸರ ಹತ್ರ ಹೋಗಬೇಕೋ, ಆಸ್ಪತ್ರೆಗೆ ಹೋಗಬೇಕೋ?

ಆಸ್ಪತ್ರೆಗೆ. 108 ಅಥವಾ 112ಕ್ಕೆ ಫೋನ್ ಮಾಡಿ. ಜೊತೆಗಿದ್ದವರಲ್ಲಿ ಒಬ್ಬರು ಡಿಕ್ಕಿ ಹೊಡೆದ ಗಾಡಿಯ ನಂಬರ್ ಪ್ಲೇಟ್ ಕಾಣುವಂತೆ ನಾಲ್ಕು ಫೋಟೋ ತೆಗೆದಿಟ್ಟುಕೊಂಡರೆ ಸಾಕು.

ಆಸ್ಪತ್ರೆಯಲ್ಲಿ ಒಂದು ಮಾತಿನ ಬಗ್ಗೆ ಹುಷಾರಾಗಿರಿ. "ಹೆಂಗಾತು" ಎಂದು ಡಾಕ್ಟರ್ ಕೇಳುತ್ತಾರೆ. ಗಾಬರಿಯಲ್ಲಿ ಯಾರೋ "ಗಾಡಿ ಮ್ಯಾಲಿಂದ ಬಿದ್ದಾನ್ರಿ" ಅಂದುಬಿಡುತ್ತಾರೆ. ಡಾಕ್ಟರ್ ಅದನ್ನೇ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸುಗಳ) ರಿಜಿಸ್ಟರಿನಲ್ಲಿ 'ಬೈಕಿನಿಂದ ತಾನೇ ಬಿದ್ದದ್ದು' ಎಂದು ಬರೆಯುತ್ತಾರೆ. ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಎಷ್ಟು ಸಾಕ್ಷಿ ತಂದರೂ ಕಷ್ಟ. ಯಾವ ಗಾಡಿ, ಯಾವ ಕಡೆಯಿಂದ ಬಂದು ಹೊಡೆಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಮೊದಲ ಸಲವೇ ಹೇಳಿ ಬರೆಸಿ.

ಕೈಯಾಗ ರೊಕ್ಕ ಇಲ್ಲ, ಆಸ್ಪತ್ರೆಯವರು ಅಡ್ವಾನ್ಸ್ ಕೇಳ್ತಾರೆ. ಸರ್ಕಾರದ್ದು ಏನಾದರೂ ಇದೆಯಾ?

ಇದೆ. 2025ರ ಮೇ ತಿಂಗಳಿಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆ ಯೋಜನೆ ಜಾರಿಯಲ್ಲಿದೆ. ಗಾಡಿ ಡಿಕ್ಕಿಯಲ್ಲಿ ಗಾಯಗೊಂಡ ಯಾರಿಗೇ ಆಗಲಿ, ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ. ಪೊಲೀಸರು ಅಪಘಾತ ಆಗಿದೆ ಎಂದು ಖಚಿತಪಡಿಸಬೇಕು. ಹಾಗಾಗಿ ಠಾಣೆಗೆ ಬೇಗ ಸುದ್ದಿ ಮುಟ್ಟಿದಷ್ಟೂ ಒಳ್ಳೆಯದು. ಬಳ್ಳಾರಿಯ ವಿಮ್ಸ್, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಸರ್ಕಾರಿ ಆಸ್ಪತ್ರೆಗಳು ಎಂಬುದನ್ನೂ ಮರೆಯಬೇಡಿ. ಎಲುಬು ಮುರಿದ ಕೂಡಲೆ ಹುಬ್ಬಳ್ಳಿಗೇ ಓಡಬೇಕು ಅಂತೇನಿಲ್ಲ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ನಾನೇ ಕೋರ್ಟಿಗೆ ಅಲೆಯಬೇಕಾಗುತ್ತಾ?

ಇಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ನಿಮ್ಮನ್ನು ಕಾಪಾಡುತ್ತದೆ. ಹೆಸರು ಹೇಳಲೇಬೇಕು ಎಂದು ಯಾರೂ ಒತ್ತಾಯ ಮಾಡುವ ಹಾಗಿಲ್ಲ. ನೀವಾಗಿಯೇ ಸಾಕ್ಷಿ ಹೇಳುತ್ತೇನೆ ಅಂದರೆ ಅದು ಬೇರೆ, ಪುಣ್ಯದ ಕೆಲಸ.

ಊರ ಹಿರಿಯರು 'ರಾಜಿ ಮಾಡ್ಕೋರಿ, ಇಪ್ಪತ್ತೈದು ಸಾವಿರ ಕೊಡಿಸ್ತೀವಿ' ಅಂತಾರೆ. ತಗೊಳ್ಳಲಾ?

ನನ್ನ ಸೋದರಮಾವ ತಗೊಂಡಿದ್ದ. ಕುಷ್ಟಗಿ ರೋಡಿನಲ್ಲಿ ಕಾರು ಹೊಡೆದು ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಧಾಬಾದಲ್ಲಿ ಕೂತು ಬಿಳಿ ಹಾಳೆಗೆ ಸಹಿ ಹಾಕಿ, 25,000 ರೂಪಾಯಿ ಎಣಿಸಿಕೊಂಡು ಬಂದ. ಆರು ವಾರಕ್ಕೆ ಎಲುಬು ಕೂಡಿಲ್ಲ ಎಂದು ಗೊತ್ತಾಯಿತು. ಮತ್ತೆ ಆಪರೇಷನ್, ರಾಡ್. ಖರ್ಚು ಎರಡು ಲಕ್ಷ ದಾಟಿತು. ಆಗ ನನ್ನ ಹತ್ತಿರ ಬಂದ. ಎಫ್‌ಐಆರ್ ಇಲ್ಲ, ಪಂಚನಾಮೆ ಇಲ್ಲ, ಗಾಡಿ ಯಾವ ಊರಿಗೆ ಹೋಯಿತೋ ಗೊತ್ತಿಲ್ಲ. ಕಾರಿನ ಮಾಲೀಕ ಫೋನ್ ಎತ್ತಲಿಲ್ಲ.

ಅಂಥ ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಕಾನೂನಿನ ಪ್ರಕಾರ ನಿಮ್ಮ ಹಕ್ಕು ಪೂರ್ತಿ ಹೋಗುವುದಿಲ್ಲ. ಆದರೆ ದಾಖಲೆ ಹುಟ್ಟುವುದೇ ಇಲ್ಲ, ಪೆಟ್ಟು ಬೀಳುವುದು ಅಲ್ಲಿ. ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಡ್ರೈವರ್ ಜೈಲಿಗೆ ಹೋಗುತ್ತಾನೆ, ಊರಲ್ಲಿ ಜಗಳ ಆಗುತ್ತದೆ ಎಂಬ ಭಯಕ್ಕೆ ಅವರು ಹಾಗೆ ಮಾಡುತ್ತಾರೆ. ಹಣ ಕೊಡಬೇಕಾದದ್ದು ವಿಮಾ ಕಂಪನಿ, ಡ್ರೈವರ್ ಅಲ್ಲ ಎಂದು ಅವರಿಗೆ ತಿಳಿಸಿ ಹೇಳಿದರೆ ಅರ್ಧ ಜನ ಸುಮ್ಮನಾಗುತ್ತಾರೆ. ತುರ್ತಿಗೆ ಮಾಲೀಕ ಆಸ್ಪತ್ರೆ ಬಿಲ್ಲು ಕಟ್ಟಿದರೆ ಕಟ್ಟಲಿ, ಬೇಡ ಎನ್ನಬೇಡಿ. ಸಹಿ ಮಾತ್ರ ಬೇಡ.

ಆಸ್ಪತ್ರೆ ಓಡಾಟದಾಗ ಹತ್ತು ದಿನ ಕಂಪ್ಲೇಂಟೇ ಕೊಟ್ಟಿಲ್ಲ. ಕೇಸು ಹೋಯ್ತಾ?

ಹೋಗಿಲ್ಲ. ಜೀವ ಉಳಿಸುವ ಗಡಿಬಿಡಿಯಲ್ಲಿ ತಡ ಆಗುತ್ತದೆ ಎಂದು ಸುಪ್ರೀಂ ಕೋರ್ಟೇ ಒಪ್ಪಿದೆ. ಆದರೆ ತಡ ಏಕಾಯಿತು ಎಂಬುದನ್ನು ದೂರಿನಲ್ಲೇ ಬರೆಯಿರಿ. ಆಸ್ಪತ್ರೆಯಿಂದ ಠಾಣೆಗೆ ಹೋದ ಎಂಎಲ್‌ಸಿ ಮಾಹಿತಿ ಇದ್ದರೆ ಅದೇ ದೊಡ್ಡ ಆಸರೆ. ತಡವಾಯಿತು ಎಂದು ಯಾವುದೋ ಪರಿಚಯದವರ ಇನ್ಶೂರೆನ್ಸ್ ಇರುವ ಗಾಡಿಯನ್ನು ತಂದು ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ಎದ್ದು ಬನ್ನಿ. ಮೋಟಾರು ವಾಹನ ನಿರೀಕ್ಷಕರು ಗಾಡಿಯ ಜಖಂ ನೋಡಿ ವರದಿ ಬರೆಯುತ್ತಾರೆ. ಸಿಕ್ಕಿಬಿದ್ದರೆ ಪರಿಹಾರ ಹೋಗಿ ನಿಮ್ಮ ಮೇಲೆಯೇ ಕ್ರಿಮಿನಲ್ ಕೇಸು ಬೀಳುತ್ತದೆ.

## ಅರ್ಜಿ ಹಾಕುವ ಹೊತ್ತಿಗೆ

ಹೊಡೆದವರು ನಮ್ಮೂರವರೇ. ಅವರ ಮೇಲೆ ಕೇಸು ಹಾಕಿದರೆ ದ್ವೇಷ ಕಟ್ಟಿಕೊಂಡ ಹಾಗಲ್ವಾ?

ಇಲ್ಲಿ ಎರಡು ಕೇಸು ಬೇರೆ ಬೇರೆ ನಡೆಯುತ್ತವೆ. ಒಂದು ಪೊಲೀಸರು ಡ್ರೈವರ್ ಮೇಲೆ ಹಾಕುವ ಕ್ರಿಮಿನಲ್ ಕೇಸು. ಇನ್ನೊಂದು ನೀವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಕುವ ಎಂವಿಸಿ. ಇದರಲ್ಲಿ ಡ್ರೈವರ್, ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರು ಎಂದು ಸೇರಿಸುತ್ತೇವೆ. ಪಾಲಿಸಿ ಸರಿಯಿದ್ದರೆ ಹಣ ಬರುವುದು ಕಂಪನಿಯಿಂದ. ಎಷ್ಟೋ ಕೇಸುಗಳಲ್ಲಿ ಮಾಲೀಕರೇ ಬಂದು ಆರ್‌ಸಿ, ಪಾಲಿಸಿ, ಲೈಸೆನ್ಸ್ ಜೆರಾಕ್ಸ್ ಕೊಟ್ಟು, ಚಹಾ ಕುಡಿದು ಹೋಗಿದ್ದಾರೆ. ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಖುಲಾಸೆಯಾದರೂ ನಿಮ್ಮ ಪರಿಹಾರದ ಕೇಸು ತನ್ನ ದಾರಿಯಲ್ಲಿ ನಡೆಯುತ್ತದೆ.

ಎಷ್ಟು ದಿನದೊಳಗೆ ಹಾಕಬೇಕು? ಒಬ್ಬರು ಆರು ತಿಂಗಳು ಅಂತಾರೆ, ಇನ್ನೊಬ್ಬರು ಗಡುವೇ ಇಲ್ಲ ಅಂತಾರೆ.

ಇಬ್ಬರೂ ಒಂದೊಂದು ಕಾಲದಲ್ಲಿ ಸರಿ. 1994ರ ತಿದ್ದುಪಡಿಯಲ್ಲಿ ಗಡುವು ತೆಗೆದಿದ್ದರು. 2019ರ ತಿದ್ದುಪಡಿ ಮತ್ತೆ ಆರು ತಿಂಗಳ ಗಡುವು ತಂದಿತು. ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡ ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಆದರೂ ಮಧ್ಯಂತರ ಆದೇಶದ ಮೇಲೆ ಭಾರ ಹಾಕಿ ಕೂರಬೇಡಿ. ಆರು ತಿಂಗಳೊಳಗೆ ಹಾಕಿಬಿಡಿ. ಚಿಕಿತ್ಸೆ ಮುಗಿಯದಿದ್ದರೂ ಅಡ್ಡಿಯಿಲ್ಲ, ಬಿಲ್ಲುಗಳನ್ನು ಆಮೇಲೆ ಸೇರಿಸಬಹುದು.

ಗಾಡಿ ಆಂಧ್ರದ್ದು, ಆಕ್ಸಿಡೆಂಟ್ ಆಗಿದ್ದು ಆದೋನಿ ಹತ್ರ. ಅಲ್ಲಿಗೇ ಅಲೆಯಬೇಕಾ?

ಬೇಡ. ಅಪಘಾತ ಆದ ಜಾಗ, ನೀವು ವಾಸವಿರುವ ಊರು, ಎದುರುದಾರರು ಇರುವ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಸಿರುಗುಪ್ಪದವರು ಬಳ್ಳಾರಿ ಜಿಲ್ಲೆಯಲ್ಲೇ ಹಾಕಿ. ಜಿಲ್ಲಾ ಕೋರ್ಟಷ್ಟೇ ಅಲ್ಲ, ಹಲವು ತಾಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟೇ ಈ ನ್ಯಾಯಮಂಡಳಿಯ ಕೆಲಸ ಮಾಡುತ್ತದೆ. ತೆಲುಗಿನ ಎಫ್‌ಐಆರ್ ಇದ್ದರೆ ಅನುವಾದ ಮಾಡಿಸಬೇಕಾಗುತ್ತದೆ, ಅಷ್ಟೇ ತಾಪತ್ರಯ.

ಆಸ್ಪತ್ರೆಗೇ ಒಬ್ಬರು ಬಂದು 'ಖರ್ಚೆಲ್ಲ ನಮ್ದು, ಬಂದದ್ದರಲ್ಲಿ ಮೂವತ್ತು ಪರ್ಸೆಂಟ್ ಕೊಡಿ' ಅಂದ್ರು. ಒಪ್ಪಲಾ?

ಬೇಡ. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಕಕ್ಷಿದಾರರನ್ನು ಹುಡುಕಿಕೊಂಡು ಏಜೆಂಟರನ್ನು ಕಳಿಸುವುದೂ ತಪ್ಪು. ನಾನು ಇದೇ ಕಸುಬಿನಲ್ಲಿ ಇರುವವನು, ಹೇಳಲು ಮುಜುಗರ, ಆದರೆ ವಾರ್ಡಿನ ಬಾಗಿಲಲ್ಲಿ ನಿಲ್ಲುವ ಆ ಜನ ನನಗೂ ಗೊತ್ತು. ಫೀಸು ಇಷ್ಟು ಎಂದು ಮೊದಲೇ ಮಾತಾಡಿ, ರಸೀದಿ ಕೇಳಿ. ಖಾಲಿ ಚೆಕ್ಕು, ಖಾಲಿ ಬಾಂಡಿಗೆ ಸಹಿ ಹಾಕಬೇಡಿ.

ಕಟ್ಟಲು ಆಗದವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಫೋನ್ ನಂಬರು 15100. ಇನ್ನು ಅರ್ಜಿಗೆ ಕೋರ್ಟು ಶುಲ್ಕ ಹೆಸರಿಗಷ್ಟೇ. ಲಕ್ಷ ಕೇಳಿದರೂ ಸಾವಿರಾರು ರೂಪಾಯಿ ಸ್ಟಾಂಪು ಕಟ್ಟಬೇಕಿಲ್ಲ.

ಯಾವ ಯಾವ ಕಾಗದ ತರಬೇಕು, ಒಂದೇ ಸಲ ಹೇಳಿಬಿಡಿ.

ಪೊಲೀಸರಿಂದ ಎಫ್‌ಐಆರ್ ಮತ್ತು ದೂರಿನ ಪ್ರತಿ, ಸ್ಥಳ ಪಂಚನಾಮೆ, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಚಾರ್ಜ್‌ಶೀಟ್. ತೀರಿಕೊಂಡಿದ್ದರೆ ಶವ ಪಂಚನಾಮೆ ಮತ್ತು ಪಿಎಂ (ಮರಣೋತ್ತರ ಪರೀಕ್ಷೆ) ವರದಿ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ ಫಿಲ್ಮು, ಔಷಧಿ ಅಂಗಡಿಯ ಅಸಲಿ ಬಿಲ್ಲು, ಅದಕ್ಕೆ ತಕ್ಕ ಡಾಕ್ಟರ ಚೀಟಿ. ಚೀಟಿ ಇಲ್ಲದ ಬಿಲ್ಲನ್ನು ಕಂಪನಿಯವರು ಒಪ್ಪುವುದಿಲ್ಲ. ಮನೆಯಿಂದ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ವಯಸ್ಸಿಗೆ ಶಾಲೆಯ ದಾಖಲೆ. ಎದುರು ಗಾಡಿಯ ವಿಮೆ ಯಾವ ಕಂಪನಿಯದು ಎಂದು ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಬಹುದು.

ಈಗಿನ ನಿಯಮದಲ್ಲಿ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರ ವರದಿ ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಅರ್ಜಿ ಎಂದು ತೆಗೆದುಕೊಳ್ಳಲೂ ಅವಕಾಶವಿದೆ. ಅದನ್ನೇ ಕಾಯುತ್ತಾ ಕೂರುವ ಧೈರ್ಯ ನನಗಂತೂ ಇಲ್ಲ. ನಿಮ್ಮ ಅರ್ಜಿ ನೀವು ಹಾಕಿ.

## ತೊಡಕಿನ ಪ್ರಶ್ನೆಗಳು

ಹತ್ತಿ ಬಿಡಿಸೋಕೆ ಟ್ರ್ಯಾಕ್ಟರ್ ಟ್ರೇಲರಿನಾಗ ಹೋಗುವಾಗ ಪಲ್ಟಿ ಆಯ್ತು. ಇನ್ಶೂರೆನ್ಸ್ ಐತಿ ಅಂತಾರೆ. ಬರ್ತದಾ?

ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಇದಕ್ಕಿಂತ ಹೊಟ್ಟೆ ಉರಿಸುವ ಪ್ರಶ್ನೆ ಇಲ್ಲ. ಸಿಂಧನೂರು, ಮಾನ್ವಿ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಬೆಳಿಗ್ಗೆ ಒಂದೊಂದು ಟ್ರೇಲರಿನಲ್ಲಿ ಇಪ್ಪತ್ತು ಮೂವತ್ತು ಜನ. ಅದರಲ್ಲಿ ಹೆಂಗಸರೇ ಜಾಸ್ತಿ. ಕಾನೂನಿನ ಲೆಕ್ಕದಲ್ಲಿ ಟ್ರ್ಯಾಕ್ಟರಿಗೆ ಡ್ರೈವರ್ ಸೀಟು ಒಂದೇ. ಟ್ರೇಲರ್ ಇರುವುದು ಮಾಲಿಗೆ. ಸರಕು ಗಾಡಿಯಲ್ಲಿ ಸುಮ್ನೆ ಹತ್ತಿ ಕೂತ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿಬಿಟ್ಟಿದೆ. ಟಾಟಾ ಏಸ್‌ನ ಹಿಂದೆ ಕೂತು ಜಾತ್ರೆಗೆ ಹೋಗುವವರದೂ ಇದೇ ಕಥೆ.

ಆದರೂ ದಾರಿಗಳಿವೆ. ಬೇರೆ ಲಾರಿಯೋ ಬಸ್ಸೋ ಬಂದು ನಿಮ್ಮ ಟ್ರೇಲರಿಗೆ ಗುದ್ದಿದ್ದರೆ, ಆ ಗಾಡಿಯ ಕಂಪನಿಗೆ ನೀವು ಮೂರನೆಯವರು. ಅವರಿಂದ ಪರಿಹಾರ ಕೇಳಬಹುದು. ಹಾಗಾಗಿ ಎದುರು ಗಾಡಿಯ ನಂಬರು ಬಿಡಬೇಡಿ. ಎರಡನೆಯದು, ನಿಮ್ಮದೇ ಮಾಲಿನ ಜೊತೆ ಹೊರಟಿದ್ದರೆ ಮಾಲಿನ ಮಾಲೀಕ ಎಂದು ರಕ್ಷಣೆ ಸಿಗಬಹುದು. ಮೂರನೆಯದು, ಟ್ರ್ಯಾಕ್ಟರ್ ಮಾಲೀಕನ ಹತ್ತಿರವೇ ಕೂಲಿಗೆ ಇದ್ದರೆ ಪಾಲಿಸಿಯ ಪ್ರತಿ ತರಿಸಿ, ಕೂಲಿಗಳಿಗೆಂದು ಬೇರೆ ಪ್ರೀಮಿಯಂ ಕಟ್ಟಿದ್ದಾರಾ ನೋಡಿ. ನೌಕರರ ಪರಿಹಾರ ಕಾಯ್ದೆಯ (2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ) ದಾರಿಯೂ ಇದೆ. ಎರಡು ಕಾಯ್ದೆಗಳಲ್ಲಿ ಒಂದನ್ನಷ್ಟೇ ಹಿಡಿಯಬೇಕು. ಟ್ರ್ಯಾಕ್ಟರಿನ ಪಾಲಿಸಿ ಬೇರೆ, ಟ್ರೇಲರಿನದು ಬೇರೆ ಎಂಬುದನ್ನೂ ನೋಡಿ. ಇವು ಯಾವುದೂ ಕೂಡಿಬರದಿದ್ದರೆ ಉಳಿಯುವುದು ಮಾಲೀಕ ಒಬ್ಬನೇ. ಅವನದೂ ನಾಲ್ಕು ಎಕರೆ, ಮೇಲೆ ಬ್ಯಾಂಕಿನ ಸಾಲ.

ನನ್ನ ಬೈಕು, ನಾನೇ ಓಡಿಸ್ತಿದ್ದೆ, ನಾಯಿ ಅಡ್ಡ ಬಂದು ಬಿದ್ದೆ. ಹಿಂದೆ ಹೆಂಡತಿ ಕೂತಿದ್ದಳು.

ನಿಮಗೆ ಥರ್ಡ್ ಪಾರ್ಟಿ ವಿಮೆಯಿಂದ ಏನೂ ಬರುವುದಿಲ್ಲ, ಏಕೆಂದರೆ ಮೂರನೆಯವರು ಯಾರೂ ಇಲ್ಲ. ಪಾಲಿಸಿಯಲ್ಲಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ರಕ್ಷಣೆ ಇದೆಯಾ ನೋಡಿ. ಮೊತ್ತ 15 ಲಕ್ಷ. ಸಾವು ಅಥವಾ ಶಾಶ್ವತ ಅಂಗನಷ್ಟಕ್ಕೆ ಮಾತ್ರ, ಲೈಸೆನ್ಸ್ ಇರಲೇಬೇಕು. ಹಿಂದೆ ಕೂತವರಿಗೆ ನಿಮ್ಮದು ಫುಲ್ ಇನ್ಶೂರೆನ್ಸ್ ಆಗಿದ್ದರೆ ದಾರಿ ಇದೆ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ಕಂಪನಿ ಹೊಣೆಯಲ್ಲ. ರಿನೀವಲ್ ಮಾಡುವಾಗ ಸಾವಿರ ರೂಪಾಯಿ ಉಳಿಸಲು ಹೋಗುವವರು ಇದನ್ನು ಓದಲಿ.

ಹೊಡೆದ ಡ್ರೈವರಿಗೆ ಲೈಸೆನ್ಸೇ ಇಲ್ಲವಂತೆ. ನಮಗೆ ಬರೋದು ನಿಂತುಹೋಗುತ್ತಾ?

ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪಾಲಿಸಿ ಚಾಲ್ತಿಯಲ್ಲಿದ್ದರೆ ಕಂಪನಿ ಮೊದಲು ನಿಮಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟು ಹೇಳುತ್ತದೆ. ಪಾಲಿಸಿಯೇ ಮುಗಿದಿದ್ದರೆ ಮಾತ್ರ ಮಾಲೀಕನ ಆಸ್ತಿಯ ಮೇಲೇ ಹೋಗಬೇಕು. ಅಂಥ ಗಾಡಿಯನ್ನು ಠಾಣೆಯಿಂದ ಬಿಡುವ ಮೊದಲೇ ಭದ್ರತೆ ಕೇಳಿ ವಕೀಲರಿಂದ ಅರ್ಜಿ ಹಾಕಿಸಿ. ಗಾಡಿ ಹೊರಗೆ ಹೋದಮೇಲೆ ಹಿಡಿಯುವುದು ಕಷ್ಟ.

ರಾತ್ರಿ ಹೈವೇದಾಗ ಯಾವುದೋ ಲಾರಿ ಹೊಡೆದು ಹೋಯ್ತು, ನಂಬರೇ ಗೊತ್ತಿಲ್ಲ.

ಹೊಸಪೇಟೆ-ಕುಷ್ಟಗಿ ನಡುವಿನ ಹೆದ್ದಾರಿ 50ರ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮೊದಲು ಟೋಲ್ ಮತ್ತು ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡಲು ಪೊಲೀಸರಿಗೆ ಬರೆದುಕೊಡಿ. ದೃಶ್ಯ ಕೆಲವೇ ದಿನ ಉಳಿಯುತ್ತದೆ. ಗಾಡಿ ಸಿಗಲೇ ಇಲ್ಲ ಅಂದರೆ ಕೇಂದ್ರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. 2022ರ ಏಪ್ರಿಲ್‌ಗಿಂತ ಮೊದಲು ಇದು 25,000 ಮತ್ತು 12,500 ಇತ್ತು. ಅರ್ಜಿ ಕೋರ್ಟಿಗಲ್ಲ, ತಾಲೂಕಿನ ಕಂದಾಯ ಅಧಿಕಾರಿಗೆ. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ವಕೀಲರೇ ಬೇಕಿಲ್ಲ.

ಸರ್ಕಾರಿ ಬಸ್ಸು ಹೊಡೆದರೆ?

ಅದೇ ನ್ಯಾಯಮಂಡಳಿ, ಅದೇ ಅರ್ಜಿ. ನಮ್ಮ ಕಡೆಯ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಎದುರುದಾರ ನಿಗಮ.

ಹೆಲ್ಮೆಟ್ ಹಾಕಿರಲಿಲ್ಲ, ಬೈಕಿನಾಗ ಮೂರು ಜನ ಇದ್ವಿ. ಏನೂ ಬರಲ್ವಾ?

ಬರುತ್ತದೆ, ಸ್ವಲ್ಪ ಕಡಿಮೆ ಆಗಬಹುದು. ನಿಮ್ಮದೂ ತಪ್ಪಿದ್ದರೆ ಆ ಪಾಲನ್ನು ಕೋರ್ಟು ಕಳೆಯುತ್ತದೆ. ಮೂರು ಜನ ಕೂತಿದ್ದೇ ತಪ್ಪು ಎಂದು ಸುಮ್ನೆ ಕಳೆಯುವ ಹಾಗಿಲ್ಲ. ಆ ಕಾರಣಕ್ಕೇ ಅಪಘಾತ ಆಯಿತು ಅಥವಾ ಪೆಟ್ಟು ಜಾಸ್ತಿ ಆಯಿತು ಎಂದು ತೋರಿಸಬೇಕು. ಯಾರ ತಪ್ಪು ಎಂಬ ವಾದವೇ ಬೇಡ ಎನ್ನುವವರಿಗೆ 164ನೇ ಕಲಂ ಇದೆ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಅದು ತಗೊಂಡರೆ ಅಷ್ಟಕ್ಕೇ ಮುಗಿಯಿತು. ದುಡಿಯುವ ವಯಸ್ಸಿನವರ ಕೇಸಿನಲ್ಲಿ ಆತುರಪಟ್ಟು ಆ ಕಡೆ ಹೋಗಬೇಡಿ.

## ಹಣದ ಲೆಕ್ಕ

ಎಷ್ಟು ಬರಬಹುದು ಅಂತ ಹೇಗೆ ಲೆಕ್ಕ ಹಾಕ್ತಾರೆ?

ಒಬ್ಬ ಗೌಂಡಿ, 35 ವರ್ಷ, ತಿಂಗಳಿಗೆ 15,000 ರೂಪಾಯಿ ದುಡಿಮೆ ಎಂದು ಕೋರ್ಟು ಒಪ್ಪಿತು ಅನ್ನಿ. ಅಪಘಾತದಿಂದ ಅವನ ದುಡಿಯುವ ಶಕ್ತಿ ನೂರಕ್ಕೆ 20ರಷ್ಟು ಹೋಯಿತು. ವರ್ಷದ ದುಡಿಮೆ 1,80,000. 31ರಿಂದ 35 ವರ್ಷದವರಿಗೆ ಗುಣಕ (ವಯಸ್ಸು ನೋಡಿ ಗುಣಿಸುವ ಸಂಖ್ಯೆ) 16. ಗುಣಿಸಿದರೆ 28,80,000. ಅದರ 20 ಪರ್ಸೆಂಟ್ 5,76,000. ಇದು ಮುಂದಿನ ದುಡಿಮೆಯ ನಷ್ಟ. ಇದರ ಮೇಲೆ ಆಸ್ಪತ್ರೆ ಖರ್ಚು, ನೋವಿಗೆ, ಕೆಲಸ ತಪ್ಪಿದ ತಿಂಗಳುಗಳಿಗೆ, ಓಡಾಟ ಮತ್ತು ಊಟಕ್ಕೆ, ನೋಡಿಕೊಂಡವರಿಗೆ ಬೇರೆ ಬೇರೆ.

ಈ 20 ಪರ್ಸೆಂಟ್ ಎಂಬಲ್ಲೇ ಜಗಳವೆಲ್ಲ. ಡಾಕ್ಟರ್ ಕಾಲಿಗೆ 45 ಪರ್ಸೆಂಟ್ ಎಂದು ಬರೆದರೆ ಜನ ಅಷ್ಟೂ ಬರುತ್ತದೆ ಅಂದುಕೊಳ್ಳುತ್ತಾರೆ. ಕೋರ್ಟು ಇಡೀ ದೇಹಕ್ಕೆ ಎಷ್ಟು ಎಂದು ನೋಡುತ್ತದೆ, ಸಾಮಾನ್ಯವಾಗಿ ಮೂರನೇ ಒಂದು ಪಾಲು. ಆಮೇಲೆ ಕಸುಬು ನೋಡುತ್ತದೆ. ಅದೇ ಕಾಲಿನ ಪೆಟ್ಟು ಕಿರಾಣಿ ಅಂಗಡಿಯಲ್ಲಿ ಕೂರುವವರಿಗೆ ಒಂದು, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿಗೆ ಇನ್ನೊಂದು. 2010ರ ರಾಜ್‌ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಹಾಗಾಗಿ ನಿಮ್ಮ ಕೆಲಸದಲ್ಲಿ ಈಗ ಏನು ಮಾಡಲು ಆಗುತ್ತಿಲ್ಲ ಎಂಬುದನ್ನು ಸಾಕ್ಷಿ ಹೇಳುವಾಗ ಹೇಳಲೇಬೇಕು. ಏಣಿ ಹತ್ತಲು ಆಗುವುದಿಲ್ಲ, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಹೀಗೆ.

ಮನೆ ಯಜಮಾನರೇ ತೀರಿಕೊಂಡರೆ?

ತೀರಿಕೊಂಡವರಿಗೆ 38 ವರ್ಷ, ಹೆಂಡತಿ, ಇಬ್ಬರು ಮಕ್ಕಳು, ತಾಯಿ. ದುಡಿಮೆ 15,000. ಸ್ವಂತ ಕಸುಬಿನವರು 40ಕ್ಕಿಂತ ಚಿಕ್ಕವರಾಗಿದ್ದರೆ ಮುಂದೆ ಹೆಚ್ಚುತ್ತಿದ್ದ ದುಡಿಮೆ ಎಂದು 40 ಪರ್ಸೆಂಟ್ ಸೇರಿಸುತ್ತಾರೆ, 21,000 ಆಯಿತು. ಅವಲಂಬಿತರು ನಾಲ್ವರು, ಸ್ವಂತ ಖರ್ಚಿಗೆ ನಾಲ್ಕನೇ ಒಂದು ಕಳೆದರೆ 15,750. ವರ್ಷಕ್ಕೆ 1,89,000. ಗುಣಕ 15. ಒಟ್ಟು 28,35,000. ಜೊತೆಗೆ ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000, ಸಂಗಾತಿ ಮತ್ತು ಆಸರೆ ಕಳೆದುಕೊಂಡದ್ದಕ್ಕೆ ತಲಾ 40,000. ಇವು 2017ರ ಮೊತ್ತಗಳು, ಮೂರು ವರ್ಷಕ್ಕೊಮ್ಮೆ 10 ಪರ್ಸೆಂಟ್ ಏರುತ್ತವೆ.

ಇನ್ನೂ ಮದುವೆಯಾಗದ ಮಗ ಹೋದರೆ ಅರ್ಧ ಕಳೆಯುತ್ತಾರೆ. ತಾಯಂದಿರಿಗೆ ಇದನ್ನು ಹೇಳುವಾಗ ನನಗೆ ಮಾತು ಬರುವುದಿಲ್ಲ.

ಕೂಲಿ ಮಾಡೋರಿಗೆ ಸಂಬಳದ ಚೀಟಿ ಎಲ್ಲಿಂದ ತರೋದು? ಮನೆಯಾಗಿರೋ ಹೆಣ್ಮಕ್ಕಳಿಗೆ?

ಚೀಟಿ ಇಲ್ಲ ಎಂದು ಶೂನ್ಯ ಹಾಕುವುದಿಲ್ಲ. ಅಪಘಾತ ಆದ ವರ್ಷಕ್ಕೆ ತಕ್ಕ ಅಂದಾಜು ಆದಾಯ ಹಿಡಿಯುತ್ತಾರೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗೆಂದು ಮಾಡಿದ ಪಟ್ಟಿಯನ್ನು ನಮ್ಮ ಕೋರ್ಟುಗಳು ನೋಡುತ್ತವೆ. ಕಾರ್ಮಿಕ ಕಾರ್ಡ್, ಫೋನ್‌ಪೇಯಲ್ಲಿ ಕೂಲಿ ಬಂದ ಬ್ಯಾಂಕ್ ವಿವರ, ಎಪಿಎಂಸಿ ಪಟ್ಟಿ, ಡ್ರೈವರ್ ಆಗಿದ್ದರೆ ಲೈಸೆನ್ಸ್, ಇದ್ದದ್ದು ತನ್ನಿ. ರೈತರು ಪಹಣಿ ತರುತ್ತಾರೆ, ಸರಿ. ಆದರೆ ಹೊಲ ಎಲ್ಲಿಗೂ ಹೋಗಿಲ್ಲ, ಮಕ್ಕಳಿಗೆ ಉಳಿದಿದೆ ಎಂದು ಕಂಪನಿಯವರು ವಾದಿಸುತ್ತಾರೆ. ಅವರು ಸ್ವತಃ ಮಾಡುತ್ತಿದ್ದ ದುಡಿಮೆ, ಈಗ ಆಳು ಇಡಬೇಕಾದ ಖರ್ಚು ತೋರಿಸಿ. ಗೃಹಿಣಿಯ ಕೆಲಸಕ್ಕೂ ಬೆಲೆ ಕಟ್ಟಲೇಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಹೇಳಿದೆ.

## ತೀರ್ಪಿನ ಹೊತ್ತಿಗೆ ಮತ್ತು ಆಮೇಲೆ

ಲೋಕ ಅದಾಲತ್‌ನಾಗ ಮುಗಿಸ್ಕೊಳ್ಳೋದು ಒಳ್ಳೇದಾ?

ಮೊತ್ತ ಸರಿಯಿದ್ದರೆ ಒಳ್ಳೆಯದು, ಹಣ ಬೇಗ ಬರುತ್ತದೆ. ಒಪ್ಪಿದಮೇಲೆ ಮೇಲ್ಮನವಿ ಇಲ್ಲ. ಅದಕ್ಕೇ ಮೇಲಿನ ಲೆಕ್ಕವನ್ನು ಮನೆಯಲ್ಲೇ ಒಂದು ಹಾಳೆಯಲ್ಲಿ ಮಾಡಿಕೊಂಡು ಹೋಗಿ. ನನ್ನ ಅಂದಾಜಿಗೆ, ಲೆಕ್ಕದ ಮುಕ್ಕಾಲು ಭಾಗ ಕೊಡುತ್ತೇವೆ ಅಂದರೆ ಯೋಚಿಸಬಹುದು. ಅರ್ಧಕ್ಕೆ ಕರೆದರೆ ಎದ್ದು ಬನ್ನಿ. ರಾಡ್ ತೆಗೆಸುವ ಆಪರೇಷನ್ ಬಾಕಿ ಇದ್ದರೆ ಅದನ್ನೂ ಸೇರಿಸಿ ಮಾತಾಡಿ.

ಕಡಿಮೆ ಕೊಟ್ಟಿದ್ದಾರೆ. ಮೇಲೆ ಹೋಗಬಹುದಾ?

90 ದಿನದೊಳಗೆ ಹೈಕೋರ್ಟಿಗೆ ಎಂಎಫ್‌ಎ, ಅಂದರೆ ಮೇಲ್ಮನವಿ ಹಾಕಬಹುದು. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಬೆಂಗಳೂರಿಗೆ ಹೋಗಬೇಕಿಲ್ಲ. ತಕರಾರಿನ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಕಂಪನಿಯೂ ಮೇಲ್ಮನವಿ ಹಾಕಬಹುದು, ಆಗ ಧಾರವಾಡದಲ್ಲಿ ನಿಮ್ಮ ಪರವಾಗಿಯೂ ಒಬ್ಬ ವಕೀಲರು ಇರಬೇಕು.

ಆದೇಶ ಆಯ್ತು, ಹಣ ಕೈಗೆ ಯಾವಾಗ? ಬ್ಯಾಂಕಿನಾಗ ಯಾಕೆ ಇಡ್ತಾರೆ?

ಆದೇಶದ ನಂತರ ಕಂಪನಿ 30 ದಿನದೊಳಗೆ ಹಣ ಕಟ್ಟಬೇಕು. ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರುತ್ತದೆ, ನಮ್ಮ ಕಡೆ ಸಾಮಾನ್ಯವಾಗಿ ವರ್ಷಕ್ಕೆ 6 ಪರ್ಸೆಂಟ್. ಸ್ವಲ್ಪ ಭಾಗ ನೇರ ಖಾತೆಗೆ, ಉಳಿದದ್ದು ಠೇವಣಿಗೆ. ಮಕ್ಕಳ ಪಾಲು ಅವರಿಗೆ 18 ತುಂಬುವವರೆಗೆ ಠೇವಣಿಯಲ್ಲೇ ಇರುತ್ತದೆ. ಜನಕ್ಕೆ ಇದು ಕಿರಿಕಿರಿ. ಆದರೆ ಹಣ ಬಂದ ವಾರಕ್ಕೇ ಬಾಗಿಲಿಗೆ ಬರುವ ಮೈದುನಂದಿರನ್ನೂ ಸಾಲಗಾರರನ್ನೂ ನಾನು ನೋಡಿದ್ದೇನೆ, ಹಾಗಾಗಿ ಈ ವಿಷಯದಲ್ಲಿ ನಾನು ಕೋರ್ಟಿನ ಕಡೆ. ಮಗಳ ಕಾಲೇಜು ಫೀಸು, ಮತ್ತೊಂದು ಆಪರೇಷನ್ ಹೀಗೆ ನಿಜವಾದ ಅಗತ್ಯ ಬಿದ್ದರೆ ಕಾರಣ ಬರೆದು, ಕಾಗದ ಲಗತ್ತಿಸಿ ಅರ್ಜಿ ಕೊಟ್ಟರೆ ಠೇವಣಿಯನ್ನು ಅವಧಿಗೆ ಮೊದಲೇ ಬಿಡಿಸಿಕೊಡುತ್ತಾರೆ. ಪ್ಯಾನ್ ಕಾರ್ಡನ್ನು ಕೇಸು ನಡೆಯುವಾಗಲೇ ಮಾಡಿಸಿಟ್ಟುಕೊಳ್ಳಿ. ಅದಿಲ್ಲದೆ ಬಡ್ಡಿಯ ಮೇಲೆ ತೆರಿಗೆ ಜಾಸ್ತಿ ಹಿಡಿದು, ಆಮೇಲೆ ನನ್ನ ಹತ್ತಿರವೇ ಬಂದು ಬೈದವರು ಒಬ್ಬಿಬ್ಬರಲ್ಲ.